ಗೂಳಿಗೊಂದು ಕರು

ಟೊಯ್ವೊಲ, ಮಿಶಿಗನ್
ಜೂನ್ 11, ಬುಧವಾರ ಮಧ್ಯಾಹ್ನ

ಪ್ರೀತಿಯ ರೂಡಿ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಐವರ್ ಎದ್ದ. ಮೇಲಿನ ಎರಡು ಹಲ್ಲು ಅವನಿಗೆ ಒಟ್ಟಿಗೇ ಹೊರಟಿವೆ. ಎಂಟು ತಿಂಗಳ ಕೂಸಿಗೆ ಇಷ್ಟು ದೊಡ್ಡ ಗಂಟಲು ಎಲ್ಲಿಂದ ಬಂತೋ! ಮಂಜು ಕವಿದಾಗ ನಿನ್ನ ಹಡಗು ಊದುವ ಸೈರನ್ ಇವನ ಮುಂದೆ ಪಿಸುಮಾತು. ಈಗ ಜಗಲಿಯ ಕುರ್ಚಿಯಲ್ಲಿ ಮಾವನ ಎದೆಯ ಮೇಲೆ ಮಲಗಿದ್ದಾನೆ. ಅಜ್ಜ ಮೊಮ್ಮಗ ಇಬ್ಬರದೂ ಬಾಯಿ ತೆರೆದಿದೆ. ನಾನೂ ಮಲಗಬಹುದಿತ್ತು. ಮಲಗಿದರೆ ನಿದ್ದೆ ಬರುವುದಿಲ್ಲವೆಂದು ಗೊತ್ತಿದ್ದೇ ಪೆನ್ನು ಹಿಡಿದೆ.

ಸೋಮವಾರ ನೀವು ಡೆಟ್ರಾಯ್ಟ್ ನದಿ ದಾಟುವಾಗ ಇದು ನಿನ್ನ ಕೈ ಸೇರಬೇಕು. ಅಂಚೆ ದೋಣಿ ಹಡಗಿನ ಮಗ್ಗುಲಿಗೆ ಬರುತ್ತದೆ, ನೀವು ಹಗ್ಗ ಕಟ್ಟಿ ಬಕೆಟ್ ಇಳಿಸುತ್ತೀರಿ, ಕಾಗದಗಳು ಅದರಲ್ಲಿ ಮೇಲೇರುತ್ತವೆ ಎಂದು ನೀನು ಹೇಳಿದ ದಿನದಿಂದ, ಆ ಬಕೆಟ್ ಮಗುಚಿದರೆ ಏನು ಗತಿ ಎಂಬುದೂ ನನ್ನ ಚಿಂತೆಗಳಲ್ಲಿ ಒಂದು. ನಗಬೇಡ. ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ನೀನು ಫೋನ್ ಮಾಡುವುದು ಊಟದ ಕೋಣೆಯಿಂದ. ಹಿಂದೆ ನಾಲ್ಕು ಜನ ತಟ್ಟೆ ಬಡಿಯುತ್ತಿರುತ್ತಾರೆ. ಮಾತು ಇನ್ನೇನು ಹೃದಯಕ್ಕೆ ಬಂತು ಅನ್ನುವಷ್ಟರಲ್ಲಿ ಹಡಗು ಸಿಗ್ನಲ್ ದಾಟಿಹೋಗಿರುತ್ತದೆ.

ಮನೆಯ ಸುದ್ದಿ: ಕಪ್ಪು ನೊಣ ಕಡಿಮೆಯಾಗಿವೆ, ಅವುಗಳ ಜಾಗಕ್ಕೆ ಸೊಳ್ಳೆ ಬಂದಿವೆ. ಕಾಡಿನ ಕ್ಯಾಂಪ್ ಮನೆಯಲ್ಲಿ ಆವಿಸ್ನಾನದ ಸೌನಾ ಚಿಮಣಿಯೊಳಗೆ ಯಾವುದೋ ಹಕ್ಕಿ ಗೂಡು ಕಟ್ಟಿತ್ತು. ಮರಿಗಳು ಹಾರಿಹೋಗುವವರೆಗೂ ಒಲೆ ಹಚ್ಚಕೂಡದೆಂದು ಎಲ್ಸಿ ಅಜ್ಜನಿಂದ ಆಣೆ ಮಾಡಿಸಿಕೊಂಡಳು. ಅವಳ ಶಾಲೆ ಮುಗಿಯಿತು. ಮುಂದಿನ ಹಲ್ಲು ಬಿದ್ದಿದೆ, 'ಸ' ಹೇಳಿದರೆ ಸಿಳ್ಳೆ ಹೊಡೆದಂತಾಗುತ್ತದೆ. ಬೆಳಗ್ಗೆ ಎದ್ದು ಅಡಿಗೆಮನೆಗೆ ಬಂದವಳೇ ನನ್ನ ಮುಖ ನೋಡಿ, "ಅಮ್ಮಾ, ಇವತ್ತು ಭಯ ಇದೆಯಾ?" ಎಂದು ಕೇಳುತ್ತಾಳೆ. ಮಳೆ ಇದೆಯಾ ಎಂದು ಕೇಳುವ ಧಾಟಿಯಲ್ಲೇ. ಇದೆ ಅಂದರೆ ತಾನೇ ತಟ್ಟೆ ತೆಗೆದುಕೊಂಡು ಸುಮ್ಮನೆ ಕೂರುತ್ತಾಳೆ.

ಡಾಕ್ಟರಮ್ಮ ಒಂದು ಪ್ರಶ್ನೆಗಳ ಹಾಳೆ ಕೊಟ್ಟಿದ್ದರು. 'ಕಾರಣವಿಲ್ಲದೆ ಹೆದರುತ್ತೀರಾ?' ಎಂಬುದೂ ಅದರಲ್ಲಿತ್ತು. 'ಕೆಲವೊಮ್ಮೆ' ಎಂದು ಗುರುತು ಹಾಕಿದೆ. ಕಾರಣವಿದ್ದೇ ಹೆದರುವವರಿಗೆ ಆ ಹಾಳೆಯಲ್ಲಿ ಜಾಗವಿರಲಿಲ್ಲ.

ಇನ್ನು ಆ ನಾಲ್ಕು ಚಕ್ರದ ಕಾಡುಗಾಡಿಯ ಸಂಗತಿ. ಅದನ್ನು ತಪ್ಪಿಸಿಕೊಳ್ಳಲೆಂದೇ ಇಷ್ಟು ಹೊತ್ತು ಹಲ್ಲು, ಸೊಳ್ಳೆ, ಹಕ್ಕಿಗೂಡು ಎಂದು ಸುತ್ತು ಹಾಕಿದೆ.

ಮೇ ಕೊನೆಯಲ್ಲಿ ನೀನು ಫೋನಿನಲ್ಲಿ ಹೇಳಿದ್ದು ನನಗೆ ಅಕ್ಷರ ಬಿಡದೆ ನೆನಪಿದೆ. "ಎರಡನೇ ಎಟಿವಿ ನೀನೇ ಆರಿಸು ಐಲಿ. ಅಪ್ಪ ಆರಿಸಿದ್ರೆ ಅಗ್ಗದ್ದು ತರ್ತಾರೆ, ಸಿಗ್ನಿ ಆರಿಸಿದ್ರೆ ಹಾರೋದು ತರ್ತಾಳೆ. ನೀನು ಹೆದರೋಳು. ನಿನ್ನ ಭಯವೇ ನಮ್ಮನೆ ಬ್ರೇಕು. ನೀನು ಹೂಂ ಅಂದಿದ್ದು ಯಾರನ್ನೂ ಕೊಲ್ಲಲ್ಲ." ನಗುತ್ತಾ ಹೇಳಿದೆ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಹೊಳೆಯಿತು: ಇನ್ನು ಮೇಲೆ ಆ ಗಾಡಿಯಿಂದ ಯಾರು ಬಿದ್ದರೂ, ಅದು ನಾನು ಹೂಂ ಅಂದ ಗಾಡಿ ಆಯಿತಲ್ಲ.

ಗಾಡಿ ಬೇಡವೆಂದು ನಾನು ಹಟ ಹಿಡಿದಿಲ್ಲ. ಹೋದ ವರ್ಷ ನಡುಬೇಸಿಗೆಯ ಯುಹಾನುಸ್ ಹಬ್ಬ ನನಗೂ ನೆನಪಿದೆ. ದೊಡ್ಡ ಬೆಂಕಿ ಹಾಕಿ ಕುಣಿಯಲು ಹದಿನಾಲ್ಕು ಜನ ಬಂದಿದ್ದರು, ಡಾಂಬರು ರಸ್ತೆಯಿಂದ ಕ್ಯಾಂಪಿಗೆ ಎರಡು ಮೈಲಿ ಕಾಡುದಾರಿ, ಇದ್ದದ್ದು ನಾವು ಗೂಳಿ ಎಂದು ಕರೆಯುವ ನಿನ್ನ ದೊಡ್ಡ ಎಟಿವಿಯೊಂದೇ. ಒಬ್ಬರು ಸವಾರಿ ಮಾಡಿದರೆ ಉಳಿದವರು ಪಾತ್ರೆ ಹೊತ್ತು ಸೊಳ್ಳೆಗಳ ಜೊತೆ ನಡೆದರು. ನಿನ್ನ ಗೆಳೆಯ ಗ್ಲೆನ್ "ಒಂದು ಸುತ್ತು ಕೊಡಿ" ಎಂದು ಗೂಳಿ ಹತ್ತಿದವನು ಹತ್ತೇ ನಿಮಿಷದಲ್ಲಿ ಅದನ್ನು ಸೀಟಿನವರೆಗೆ ಜೌಗಿನಲ್ಲಿ ಇಳಿಸಿದ. ಅಷ್ಟು ಶಕ್ತಿಯ ಗಾಡಿ ಬಂದವರ ಕೈಗೆ ಕೊಡುವಂಥದ್ದಲ್ಲ. ಮಾವ ಅವತ್ತೇ ಹೇಳಿದರು, "ಒಂದೇ ಗಾಡಿ ಇದ್ರೆ ಒಬ್ಬ ದೊರೆ, ಉಳಿದೋರೆಲ್ಲ ಕಾಲಾಳು. ಗೂಳಿಗೊಂದು ಕರು ತರೋಣ, ಬಂದೋರು ಅದರ ಮೇಲೆ ಓಡಾಡ್ಲಿ."

ಆ ಹೆಸರೇ ಕೆಲಸ ಕೆಡಿಸಿತು ರೂಡಿ. ಗಾಡಿ ಬರುವ ಮೊದಲೇ ಅದಕ್ಕೊಂದು ಸ್ವಭಾವ ಬಂದುಬಿಟ್ಟಿತು. ಕರು ಅಂದರೆ ಸಾಧು, ಕರು ಅಂದರೆ ಮೈ ಸವರಬಹುದು, ಕುತ್ತಿಗೆಗೆ ಜೋತುಬೀಳಬಹುದು. ಎಲ್ಲರೂ ಹಾಗೆಯೇ ಮಾತಾಡುತ್ತಾರೆ. ಎಲ್ಸಿಯಂತೂ ಅಜ್ಜನನ್ನು ಕೂರಿಸಿಕೊಂಡು ವಿಚಾರಣೆ ನಡೆಸಿದಳು.

"ಅಜ್ಜಾ, ಗೂಳಿ ಅಪ್ಪಂದು. ಕರು ಯಾರ್ದು?"

"ಬಂದೋರ್ದು ಪುಟ್ಟಾ. ನೆಂಟರ್ದು, ಫ್ರೆಂಡ್ಸ್‌ದು."

"ನಾನು ನೆಂಟಳಾ?"

"ನೀನ್ಯಾಕೆ ನೆಂಟಳು, ನೀನು ಮನೆ ಮಗಳು."

"ಹಂಗಾದ್ರೆ ನಂದೇ."

ಮಾವ ಅವಳನ್ನು ಹತ್ತಿರಕ್ಕೆ ಎಳೆದುಕೊಂಡರು. ಬೆನ್ನು ತಟ್ಟಿ ನಕ್ಕರು. ಅವಳು ಒಳಗೆ ಹೋಗಿ ಚಿತ್ರ ಬರೆದು ತಂದಳು. ಗೂಳಿಯ ಮೇಲೆ ನೀನು, ಕರುವಿನ ಮೇಲೆ ಒಂದು ಪುಟ್ಟ ಜೀವ, ಕಿಟಕಿಯಲ್ಲಿ ನಾನು. ನನ್ನ ಮುಖದಲ್ಲಿ ಕಣ್ಣಿಲ್ಲ, ಮೂಗಿಲ್ಲ, ದೊಡ್ಡ ಸೊನ್ನೆಯಂಥ ಬಾಯಿ ಮಾತ್ರ. "ಅಮ್ಮ ಕೂಗ್ತಿದಾಳೆ" ಎಂದು ವಿವರಿಸಿದಳು.

ನಾನು ಓದಿದವಳಲ್ಲವೇ, ಓದಿದವರು ಮಾಡುವುದನ್ನೇ ಮಾಡಿದೆ. ದೊಡ್ಡ ಹಾಳೆ ತೆಗೆದುಕೊಂಡು ಕೋಷ್ಟಕ ಹಾಕಿದೆ. ಎಡಗಡೆ, ಹತ್ತುವವರ ಹೆಸರು. ಮಾವ, ಬಲ ಮಂಡಿ ಲೋಹದ್ದು. ನಿನ್ನ ತಂಗಿ ಸಿಗ್ನಿ, ಭಯವೆಂಬುದೇ ತಿಳಿಯದು. ಅವಳ ಗಂಡ, ಮುನ್ನೂರು ಪೌಂಡ್. ನನ್ನಮ್ಮ, ಕಾರಿನಲ್ಲಿ ಎರಡೂ ಕಾಲಿನಲ್ಲಿ ಬ್ರೇಕ್ ಒತ್ತುವವಳು. ಗ್ಲೆನ್, ಅವನ ವಿಷಯ ಗೊತ್ತೇ ಇದೆ. ಇಷ್ಟೂ ಜನಕ್ಕೆ ಒಂದೇ ಅಳತೆಯ ಅಂಗಿ ಹೊಲಿ ಅಂದರೆ ಯಾವ ದರ್ಜಿ ಒಪ್ಪುತ್ತಾನೆ? ಮುನ್ನೂರು ಪೌಂಡಿನವನನ್ನು ಹೊರುವ ಗಾಡಿ ನನ್ನಮ್ಮನ ತೋಳಿಗೆ ತಿರುಗುವುದಿಲ್ಲ. ಅಮ್ಮನ ತೋಳಿಗೆ ತಿರುಗುವ ಗಾಡಿ ಏರಿನಲ್ಲಿ ಅವನ ಭಾರಕ್ಕೆ ಮುಂಗಾಲು ಎತ್ತುತ್ತದೆ.

ಕೋನವನ್ನೂ ಅಳೆಯುವ ಕಾಲೇಜಿನ ಭೂವಿಜ್ಞಾನದ ದಿಕ್ಸೂಚಿ ಹುಡುಕಿ, ಐವರ್‌ನನ್ನು ಬೆನ್ನಿಗೆ ಕಟ್ಟಿಕೊಂಡು ಕ್ಯಾಂಪಿನ ಹಿಂದಿನ ಇಳಿಜಾರನ್ನು ಅಳೆದೂ ಬಂದೆ. ಇಪ್ಪತ್ತಮೂರು ಡಿಗ್ರಿ. ಬಂಡೆಯ ಪದರ ಅಳೆಯಲು ಕಲಿತದ್ದು ಈಗ ಯಾವ ತಿರುವಿನಲ್ಲಿ ಯಾರು ಹೇಗೆ ಉರುಳುತ್ತಾರೆಂದು ಲೆಕ್ಕ ಹಾಕಲು ಉಪಯೋಗಕ್ಕೆ ಬಂತು. ಕೂಸಿಗೆ ಹಾಲು ಕೊಡುತ್ತಾ ಕೂತರೆ ಒಬ್ಬೊಬ್ಬರೇ ಆ ಇಳಿಜಾರಿನಲ್ಲಿ ಇಳಿಯುತ್ತಾರೆ, ಒಬ್ಬೊಬ್ಬರೇ ಬೀಳುತ್ತಾರೆ. ಕೊನೆಗೆ ಯಾರು ಬರುತ್ತಾರೆಂದು ನೋಡುವ ಮೊದಲೇ ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ.

ಐವರ್ ಎದ್ದ. ಮಾವ ಕರೆಯುತ್ತಿದ್ದಾರೆ.


ಗುರುವಾರ, ಬೆಳಗ್ಗೆ ಹತ್ತು

ಮತ್ತೆ ಕೂತೆ. ಸಿಗ್ನಿ ಬಂದು ಮಕ್ಕಳನ್ನು ದಡಕ್ಕೆ ಕರೆದುಕೊಂಡು ಹೋಗಿದ್ದಾಳೆ. ನೀರಿನ ಹತ್ತಿರ ಎಂದು ನೂರು ಮಾತು ಹೇಳಿ ಕಳಿಸಿದೆ. "ಅತ್ತಿಗೆ, ನೀವು ಇವರನ್ನ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಬಿಡಿ. ಕ್ರಿಸ್‌ಮಸ್‌ಗೆ ತೆಗೆದು ಮರಕ್ಕೆ ತೂಗುಹಾಕೋಣ" ಅಂದಳು. ನಿನ್ನ ತಂಗಿಯ ಬಾಯಿ!

ಹೋದ ಶನಿವಾರ ವಿಕ್‌ಸ್ಟ್ರಾಮ್ ಅಂಗಡಿಗೆ ಹೋಗಿದ್ದೆವು. ಮಾವ, ಸಿಗ್ನಿ, ಎಲ್ಸಿ, ಐವರ್, ನಾನು. ಗಾರ್ಡನ್ ವಿಕ್‌ಸ್ಟ್ರಾಮ್ ಬಾಗಿಲಲ್ಲೇ ನಿಂತಿದ್ದ.

"ಏನ್ ಅರ್ನಿ, ಸೊಸೇನೂ ಕರ್ಕೊಂಡ್ ಬಂದಿದ್ದೀಯ. ಇವತ್ತು ವ್ಯಾಪಾರ ಆದಂಗೇ."

ಮಾವ ಟೋಪಿ ತೆಗೆದು, "ವ್ಯಾಪಾರ ಅಲ್ಲಪ್ಪ, ಪರೀಕ್ಷೆ. ಅವಳ ಕೈಲಿ ಪ್ರಶ್ನೆಪತ್ರಿಕೆ ಇದೆ ನೋಡು" ಅಂದರು.

ಗಾರ್ಡನ್ ನನ್ನ ಹಾಳೆ ಇಸಿದುಕೊಂಡು, ಕನ್ನಡಕ ಏರಿಸಿ, ಮೊದಲಿನಿಂದ ಕೊನೆಯವರೆಗೆ ಓದಿದ. ನಗಲಿಲ್ಲ. ಅದಕ್ಕೇ ಅವನ ಮೇಲೆ ನನಗೆ ನಂಬಿಕೆ ಬಂದದ್ದು. ಮೂರು ಗಾಡಿ ತೋರಿಸಿದ. ಒಂದು ಹಳದಿ, ಸಿಗ್ನಿ ಆಗಲೇ ಅದರ ಮೇಲೆ ಕೂತಾಗಿತ್ತು. "ಅದು ಮರಳಗುಡ್ಡದಲ್ಲಿ ಹಾರೋ ಹುಡುಗರಿಗೆ. ಕ್ಲಚ್ ಬೇರೆ ಇದೆ. ಅದನ್ನ ನೆಂಟರ ಕೈಗೆ ಕೊಡ್ತೀರಿ ಅಂದ್ರೆ, ಮೊದ್ಲು ಅವರ ಮೇಲೆ ನಿಮಗೇನು ಸಿಟ್ಟು ಅಂತ ಹೇಳಿ" ಅಂದ. ಎರಡನೆಯದು ಹಸಿರು. ನಾಲ್ಕೂ ಚಕ್ರಕ್ಕೆ ಎಳೆತ, ಕೆಸರಿಗೆ ಒಳ್ಳೆಯದು, ಆದರೆ ಸೀಟು ಎತ್ತರ. ಮಾವ ಮಂಡಿ ಎತ್ತಲಾರದೆ ಕುದುರೆ ಹತ್ತುವ ಮುದುಕನಂತೆ ಅದರ ಪಕ್ಕ ಕುಣಿದರು. ಮೂರನೆಯದು ಕೆಂಪು. ಎಲ್ಲದಕ್ಕಿಂತ ಚಿಕ್ಕದು, ಹಗುರ, ಸೀಟು ತಗ್ಗು, ಗೇರಿನ ಗೋಜಿಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಎಲ್ಸಿ ಅದನ್ನು ನೋಡಿದವಳೇ ಓಡಿಹೋಗಿ ದೀಪದ ಮೇಲೆ ಕೈಯಿಟ್ಟಳು. "ಇದೇ ಕರು" ಅಂದಳು. ಅವಳಿಗೆ ಯಾರೂ ಹೇಳಿರಲಿಲ್ಲ.

ನಾನು ಗಾರ್ಡನ್‌ನನ್ನು ಪಕ್ಕಕ್ಕೆ ಕರೆದು ಕೇಳಿದೆ, "ಚಿಕ್ಕದು ಅಲ್ವಾ, ಅಪಾಯನೂ ಚಿಕ್ಕದಾ?"

ಅವನು ಕೆಂಪು ಗಾಡಿಯ ಟೈರನ್ನು ಬೂಟಿನಿಂದ ಒತ್ತಿದ. "ಗಾಡಿ ಮಾರೋನು ಹೇಳಬಾರದು, ಆದ್ರೂ ಹೇಳ್ತೀನಿ. ಕತ್ತೆ ಒದೆಯುತ್ತೆ, ಕತ್ತೆಮರಿನೂ ಒದೆಯುತ್ತೆ. ದೊಡ್ಡದು ಅಗಲವಾಗಿ ಕಾಲೂರಿ ನಿಂತಿರುತ್ತೆ. ಇದು ಗಿಡ್ಡ, ಸಪೂರ. ಒಂದು ಚಕ್ರ ಕಲ್ಲು ಹತ್ತಿದ್ರೂ ಮಗ್ಗುಲಾಗುತ್ತೆ. ಸೀಟು ಒಬ್ಬರಿಗೆ, ಇಬ್ಬರು ಕೂತ್ರೆ ತೂಕ ಎಲ್ಲಿರುತ್ತೆ ಅಂತ ದೇವರಿಗೂ ಗೊತ್ತಾಗಲ್ಲ. ಅಗೋ ಸ್ಟಿಕರ್ ಅಂಟಿಸಿದಾರಲ್ಲ, ಹದಿನಾರು ವರ್ಷದೊಳಗಿನವರು ಓಡಿಸಬಾರದು, ಎರಡನೆಯವರನ್ನ ಕೂರಿಸಬಾರದು ಅಂತ. ಅದನ್ನ ಜನ ಮೊದಲನೇ ವಾರಾನೇ ಕಿತ್ತಾಕ್ತಾರೆ, ಚೆನ್ನಾಗ್ ಕಾಣಲ್ಲ ಅಂತ."

ನಾನು ಆ ಸ್ಟಿಕರನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಎಲ್ಸಿಯನ್ನು ನಿಲ್ಲಿಸಿಕೊಂಡು ಎರಡು ಸಲ ಓದಿದೆ. ಸಿಗ್ನಿ ಅಂದಳು, "ಆಮೆನ್ ಅತ್ತಿಗೆ. ಈಗ ಕಾಣಿಕೆ ತಟ್ಟೆ ತರ್ಲಾ?"

ಅಂಗಡಿಯ ಹಿಂದೆ ಜಲ್ಲಿ ತೆಗೆದ ಹಳ್ಳವಿದೆಯಲ್ಲ, ಅಲ್ಲಿ ಕೆಂಪು ಗಾಡಿ ಓಡಿಸಿ ನೋಡಿ ಎಂದು ಗಾರ್ಡನ್ ಕೀ ಕೊಟ್ಟ. ಕೊಡುವ ಮೊದಲು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಮಾತು ಹೇಳಿದ. "ನೀವು ಹಿಮಗಾಡಿ ಜನ ಇದರ ಮೇಲೆ ಮಾಡೋ ತಪ್ಪು ಒಂದೇ. ಹುಟ್ಟಿದಾಗಿಂದ ಹಿಮದ ಮೇಲೆ ಓಡಿಸಿದ್ದೀರ. ತಿರುವಲ್ಲಿ ಗಾಡಿ ವಾಲಿದ ಕೂಡ್ಲೇ ಕಾಲು ನೆಲಕ್ಕೆ ಕೊಡ್ತೀರ. ಹಿಮದಲ್ಲಿ ಕಾಲು ಜಾರಿಕೊಂಡು ಬರುತ್ತೆ, ನಡೆಯುತ್ತೆ. ಇಲ್ಲಿ ನಿಮ್ಮ ಕಾಲಿನ ಹಿಂದೇನೇ ಚಕ್ರ ಇದೆ. ಅದು ಕಾಲನ್ನ ಹತ್ತಿಸಿಕೊಂಡೇ ಹೋಗೋದು. ಬೀಳ್ತೀನಿ ಅನ್ಸಿದ್ರೂ ಕಾಲು ಗಾಡಿಯ ಕಾಲಿಡೋ ಪಟ್ಟಿ ಮೇಲೇ ಇರ್ಲಿ."

"ಆಯ್ತು ಮೇಷ್ಟ್ರೇ" ಎಂದು ಹೊರಟ ಸಿಗ್ನಿ ಎರಡನೇ ತಿರುವಿನಲ್ಲೇ ಕಾಲು ಕೊಟ್ಟಳು. ಚಕ್ರ ಅವಳ ಬೂಟಿನ ಹಿಮ್ಮಡಿ ಹಿಡಿಯಿತು. ಬೂಟು ಚಕ್ರದ ಕೆಳಗೆ ಉಳಿಯಿತು, ಸಿಗ್ನಿ ಕಾಲುಚೀಲದಲ್ಲೇ ಕುಂಟುತ್ತಾ ಬಂದಳು. ಬೂಟು ಒಂದು ಅಳತೆ ದೊಡ್ಡದಿತ್ತು, ಅಷ್ಟೇ ಪುಣ್ಯ. ಮಾವ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾನೂ ನಕ್ಕೆ. ಆಮೇಲೆ ಟ್ರಕ್ಕಿನ ಹಿಂದೆ ಹೋಗಿ, ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ ಉಸಿರು ಎಣಿಸಿದೆ. ನಲವತ್ತರವರೆಗೆ ಹೋಯಿತು.

ಮಾವ ಓಡಿಸಿದರು, ಚೆನ್ನಾಗಿಯೇ ಓಡಿಸಿದರು. ಕೊನೆಗೆ, ಆರಿಸಬೇಕಾದವಳು ನಾನಲ್ಲವೇ ಎಂದು ನಾನೂ ಹೆಲ್ಮೆಟ್ ಹಾಕಿ ಹತ್ತಿದೆ.

ರೂಡಿ, ನಿನಗೆ ಹೇಗೆ ಹೇಳಲಿ. ಅದು ಒಳ್ಳೆಯ ಗಾಡಿ. ಹೆಬ್ಬೆರಳು ತಾಕಿಸಿದರೆ ಸಾಕು, ಕೇಳಿದಷ್ಟೇ ಕೊಡುತ್ತದೆ. ಹಳ್ಳದ ಅಂಚಿನಲ್ಲಿ ಕಾಡು ಸ್ಟ್ರಾಬೆರಿ ಹೂವು ಬಿಟ್ಟಿತ್ತು. ಗಾಳಿ ಹೆಲ್ಮೆಟ್ಟಿನೊಳಗೆ ನುಗ್ಗಿತು. ಒಂದು ಸುತ್ತು, ಎರಡು ಸುತ್ತು. ಮೂರನೆಯದರಲ್ಲಿ ಗಮನಿಸಿದೆ, ತಲೆಯೊಳಗೆ ಯಾರೂ ಮಾತಾಡುತ್ತಿಲ್ಲ. ಯಾರೂ ಬೀಳುತ್ತಿಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ. ಹೈಸ್ಕೂಲಿನಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಿನ್ನನ್ನು ಹಿಂದೆ ಹಾಕಿ ನುಗ್ಗುತ್ತಿದ್ದ ಹುಡುಗಿ ಇನ್ನೂ ಎಲ್ಲೋ ಇದ್ದಾಳೆ ಅನ್ನಿಸಿತು. ಇಳಿದಾಗ ಮುಖ ಬಿಗಿದಿತ್ತು. ನಗುತ್ತಿದ್ದೆನೆಂದು ಆಗ ಗೊತ್ತಾಯಿತು.

ಆಮೇಲೆ ಮನೆಗೆ ಬಂದೆವು.

ಬರುವಾಗ ಮಾವ ಟ್ರಕ್ ಓಡಿಸುತ್ತಾ ಹೇಳಿದರು, "ನಿಮ್ಮತ್ತೇನೂ ಹೆದರೋಳೇ ಮಗಳೇ. ಬಾಯಿಬಿಟ್ಟು ಹೇಳ್ತಿರ್ಲಿಲ್ಲ. ನಾನು ಮಂಜುಗಡ್ಡೆ ಮೇಲೆ ಮೀನು ಹಿಡಿಯೋಕೆ ಹೋದ ದಿನ ಮನೆಯಲ್ಲಿ ಏಲಕ್ಕಿ ಬ್ರೆಡ್ ಜಾಸ್ತಿ ಇರ್ತಿತ್ತು. ಆರು ಬ್ರೆಡ್ ಇದ್ರೆ ಆವತ್ತು ಮಂಜುಗಡ್ಡೆ ತೆಳು ಅಂತ ನಾನು ತಿಳ್ಕೋತಿದ್ದೆ." ನಮ್ಮ ರಸ್ತೆಗೆ ತಿರುಗಿಸುತ್ತಾ, "ನೀನು ಹೂಂ ಅಂದ್ರೆ ತರೋಣ. ಬೇಡ ಅಂದ್ರೆ ಬೇಡ. ಆದ್ರೆ ಹಬ್ಬಕ್ಕೆ ಮೊದ್ಲು ಹೇಳ್ಬಿಡು" ಅಂದರು.

ಗಾರ್ಡನ್ ಬರುವ ಬುಧವಾರದವರೆಗೆ ಕೆಂಪು ಗಾಡಿಯನ್ನು ನಮಗಾಗಿ ಇಟ್ಟಿರುತ್ತಾನೆ. ಬೇಕೆಂದರೆ ಆಕ್ಸಿಲರೇಟರಿಗೆ ಒಂದು ಸ್ಕ್ರೂ ಬಿಗಿದು ವೇಗ ಕಟ್ಟಿಹಾಕಿ ಕೊಡುತ್ತಾನಂತೆ. "ಸ್ಕ್ರೂ ಬಿಗಿದ್ರೆ ಮಕ್ಕಳೂ ಓಡಿಸಬಹುದು" ಎಂದು ಮಾವ ಬಾಯಿತಪ್ಪಿ ಅಂದುಬಿಟ್ಟರು. ಎಲ್ಸಿ ಅಲ್ಲೇ ಇದ್ದಳು. ಅಂದಿನಿಂದ ದಿನಕ್ಕೆರಡು ಸಲ ಆ ಸ್ಕ್ರೂ ಎಷ್ಟು ದೊಡ್ಡದಿರುತ್ತದೆಂದು ಕೇಳುತ್ತಾಳೆ.

ನನಗೆ ಗೊತ್ತು, ಮೊದಲ ವರ್ಷ ಅವಳು ನೋಡುತ್ತಾ ನಿಲ್ಲುತ್ತಾಳೆ. ಎರಡನೇ ವರ್ಷ ಯಾರದೋ ಮುಂದೆ ಕೂರುತ್ತಾಳೆ. ಮೂರನೇ ವರ್ಷ, ನಾವು ಹದಿನಾಲ್ಕು ಜನ ಬೆಂಕಿಯ ಸುತ್ತ ಹಾಡುತ್ತಿರುವಾಗ, ಕೀ ಗಾಡಿಯಲ್ಲೇ ಇರುತ್ತದೆ. ನಮ್ಮೂರಲ್ಲಿ ಯಾರು ಕೀ ತೆಗೆಯುತ್ತಾರೆ? ಗೂಳಿಯ ಹತ್ತಿರ ಅವಳು ತಾನಾಗಿ ಹೋಗುವುದಿಲ್ಲ, ಅದರ ಗುಟುರೇ ಅವಳನ್ನು ದೂರ ಇಟ್ಟಿದೆ. ಕರುವಿಗೆ ಯಾರು ಹೆದರುತ್ತಾರೆ ಹೇಳು.

ಅದಕ್ಕೇ ಕೇಳುತ್ತಿದ್ದೇನೆ. ಬೇಡ ಎಂದು ನೀನೇ ಹೇಳಿಬಿಡು. ಹಡಗಿನ ಚುಕ್ಕಾಣಿ ಹಿಡಿಯುವವನು ನೀನು, ಸಾವಿರ ಅಡಿ ಉದ್ದದ ಉಕ್ಕನ್ನು ಕಾಲುವೆಗಳಲ್ಲಿ ಕಲ್ಲಿಗೆ ತಾಗದಂತೆ ದಾಟಿಸುತ್ತೀಯ. ನಿನ್ನ 'ಬೇಡ' ಎಲ್ಲರಿಗೂ ವಿವೇಕದಂತೆ ಕೇಳಿಸುತ್ತದೆ. ನನ್ನದು ಬರೀ ಹೆದರಿಕೆಯಂತೆ ಕೇಳಿಸುತ್ತದೆ. ಹದಿನಾಲ್ಕು ಜನರೂ ಪಾತ್ರೆ ಹೊತ್ತು ನಡೆಯಲಿ. ಸೊಳ್ಳೆ ಕಚ್ಚಿ ಸತ್ತವರನ್ನು ನಾನು ಕಂಡಿಲ್ಲ.

ಮಕ್ಕಳು ದಡದಿಂದ ಬರುವ ಸದ್ದಾಗುತ್ತಿದೆ. ಇಬ್ಬರದೂ ದನಿ ಕೇಳಿಸಿತು, ಎಣಿಸಿದೆ.

ಸರೋವರ ನಿನ್ನ ಮೇಲೆ ಕರುಣೆಯಿಂದಿರಲಿ. ಮಂಜಿನಲ್ಲಿ ನಿನ್ನ ಕಣ್ಣು, ತಿರುವಿನಲ್ಲಿ ನಿನ್ನ ಕೈ ನೆಟ್ಟಗಿರಲಿ. ಡೆಕ್ಕಿನ ಮೇಲೆ ಹೋಗುವಾಗ ಲೈಫ್ ಜಾಕೆಟ್ಟಿನ ಗುಂಡಿ ಪೂರ್ತಿ ಹಾಕಿಕೋ. ದೇವರು ನಿನ್ನನ್ನು ಈ ಮನೆಯ ಬಾಗಿಲಿಗೆ ಇದ್ದ ಹಾಗೆಯೇ ತಂದು ನಿಲ್ಲಿಸಲಿ.

ನಿನ್ನವಳೇ ಆದ
ಐಲಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ.

'ಆಮೇಲೆ ಮನೆಗೆ ಬಂದೆವು' ಎಂದು ಬರೆದೆನಲ್ಲ, ಆ ಆಮೇಲೆಗೂ ಮನೆಗೂ ನಡುವೆ ಹತ್ತು ನಿಮಿಷವಿದೆ. ಸಿಗ್ನಿ ಐವರ್‌ನನ್ನು ಎತ್ತಿಕೊಂಡು ಮಾವನ ಜೊತೆ ಹೆಲ್ಮೆಟ್ ನೋಡಲು ಒಳಗೆ ಹೋದಳು. ಹಳ್ಳದಲ್ಲಿ ಎಲ್ಸಿ, ನಾನು, ಗಾಡಿ. ಅವಳು "ಅಮ್ಮಾ, ಒಂದೇ ಒಂದು ಸುತ್ತು" ಅಂದಳು. ನಾನು ಬೇಡ ಅನ್ನಲಿಲ್ಲ. ತಲೆ ಅಷ್ಟು ಹಗುರವಾಗಿತ್ತು ರೂಡಿ, ಆ ಹಗುರದಲ್ಲಿ ಅವಳಿಗೂ ಪಾಲು ಕೊಡಬೇಕು ಅನ್ನಿಸಿತು. ಕೂಗುವ ಬಾಯಿಯಲ್ಲದೆ ಬೇರೆ ಅಮ್ಮನೂ ಇದ್ದಾಳೆಂದು ಅವಳು ನೋಡಲಿ ಅನ್ನಿಸಿತು. ಹೆಲ್ಮೆಟ್ ಹಾಕಿ ನನ್ನ ಎರಡು ತೋಳಿನ ನಡುವೆ ಕೂರಿಸಿಕೊಂಡೆ. ನಡೆಯುವವರಷ್ಟೇ ನಿಧಾನವಾಗಿ ಹೋದೆ. ಜಲ್ಲಿ ರಾಶಿಯ ಹತ್ತಿರ ಒಂದು ಚಕ್ರ ಮೇಲೇರಿತು, ಗಾಡಿ ವಾಲಿತು, ನನ್ನ ಕಾಲು ತಾನಾಗಿ ನೆಲಕ್ಕೆ ಹೋಯಿತು. ಗಾರ್ಡನ್ ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ. ಚಕ್ರ ನನ್ನ ಕಾಲು ಹಿಡಿದೆಳೆಯಿತು, ನಾನು ಅವಳನ್ನು ಹಿಡಿದುಕೊಂಡೇ ಬಿದ್ದೆ, ಗಾಡಿ ನಮ್ಮ ಪಕ್ಕಕ್ಕೆ ಉರುಳಿತು. ಹ್ಯಾಂಡಲ್ ಮರಳಿನಲ್ಲಿ ಹೂತು ನಿಂತಿತು. ಅವಳ ತಲೆಗೂ ಅದಕ್ಕೂ ನಡುವೆ ನನ್ನ ಅಂಗೈ ಇಡುವಷ್ಟು ಜಾಗವಿತ್ತು. ಆಮೇಲೆ ಇಟ್ಟು ನೋಡಿದೆ.

ಅವಳಿಗೆ ಏನೂ ಆಗಿಲ್ಲ. ಮೊಣಕೈ ತರಚಿದೆ, ಅಷ್ಟೇ. ನನ್ನ ಕಣಕಾಲು ಊದಿದೆ, ಉದ್ದ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದೇನೆ. ಗಾಡಿಯನ್ನು ನೂಕಿ ಎತ್ತಿ ನಿಲ್ಲಿಸಿದೆ, ಆ ಬಲ ಎಲ್ಲಿಂದ ಬಂತೋ. ಒಂದು ಗೀರೂ ಬಿದ್ದಿಲ್ಲ.

ಮಾವ ಹೊರಗೆ ಬಂದು, "ಏನೇ ಪುಟ್ಟಾ, ಮೈಯೆಲ್ಲಾ ಮರಳು?" ಎಂದು ಕೇಳಿದರು. ನಾನು ಹೇಳಲೆಂದೇ ಬಾಯಿ ತೆರೆದೆ. ನಿಜವಾಗಿ ತೆರೆದೆ. ಅಷ್ಟರಲ್ಲಿ 'ಸ' ಸಿಳ್ಳೆ ಹೊಡೆಯುವ ಆ ಬಾಯಿಯಿಂದ ಎಲ್ಸಿ ಹೇಳಿದಳು, "ಜಲ್ಲಿ ಮೇಲೆ ಓಡ್ತಿದ್ದೆ ಅಜ್ಜಾ, ಸರ್‍ರಂತ ಜಾರಿದೆ. ಅಮ್ಮ ಹಿಡ್ಕೊಂಡ್ಲು." ಒಂದು ಕ್ಷಣವೂ ತಡವರಿಸಲಿಲ್ಲ. ನಾನು ಹೇಳಿಕೊಟ್ಟಿರಲಿಲ್ಲ. ಹೇಳಿ ಮುಗಿಸಿ ನನ್ನ ಕಡೆ ನೋಡಿದಳು. ನಾನು ತೆರೆದ ಬಾಯಿ ಮುಚ್ಚಿದೆ.

ಮನೆಗೆ ಬಂದು ಸ್ನಾನ ಮಾಡಿಸುವಾಗ ಮೆಲ್ಲಗೆ ಕೇಳಿದಳು, "ಸರಿಯಾಗಿ ಹೇಳಿದ್ನಾ ಅಮ್ಮಾ? ನೀನು ಹೆದರ್ಕೊಂಡಿದ್ದೆ ಅದಕ್ಕೇ." ನಾನು ಅವಳ ತಲೆಗೆ ನೀರು ಹುಯ್ದೆ. ಸರಿಯಲ್ಲ ಎಂದು ಹೇಳಲಿಲ್ಲ. ಇವತ್ತಿಗೆ ಐದು ದಿನ. ಇನ್ನೂ ಹೇಳಿಲ್ಲ.

ನಾನು ಆ ಇಳಿಜಾರಿನಲ್ಲಿ ಎಲ್ಲರನ್ನೂ ಬೀಳಿಸಿ ನೋಡಿದ್ದೆ. ಅವಳು ನನ್ನನ್ನು ಕಾಯಲು ಸುಳ್ಳು ಕಲಿಯುತ್ತಾಳೆಂದು ಮಾತ್ರ ಒಮ್ಮೆಯೂ ಹೆದರಿರಲಿಲ್ಲ.

ಸಿಗ್ನಲ್ ಸಿಕ್ಕಿದಾಗ ಫೋನ್ ಮಾಡು. ಮೊದಲು ನನ್ನ ಹತ್ತಿರ ಮಾತಾಡಬೇಡ, ಎಲ್ಸಿಗೆ ಕೊಡು ಅನ್ನು. ಶನಿವಾರ ಏನಾಯಿತು ಪುಟ್ಟಾ ಎಂದು ಕೇಳು. ಬೈಯಬೇಡ, ಅವಸರ ಮಾಡಬೇಡ, ಹಿಂದೆ ಯಾರೂ ತಟ್ಟೆ ಬಡಿಯದ ಕಡೆ ನಿಂತು ಕೇಳು. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಅವಳು ನಿನಗೂ ಜಲ್ಲಿಯ ಮೇಲೆ ಜಾರಿದೆ ಎಂದೇ ಹೇಳಿದರೆ, ಫೋನ್ ಇಡಬೇಡ ರೂಡಿ. ನಾನು ತೆಗೆದುಕೊಂಡು, ಅವಳಿಗೆ ಕೇಳಿಸುವ ಹಾಗೆ, ನಿನಗೆ ನಿಜ ಹೇಳುತ್ತೇನೆ. ನನ್ನ ಬಾಯಿ ಮತ್ತೆ ಮುಚ್ಚಿಕೊಳ್ಳಬಹುದು. ಎಷ್ಟು ಹೊತ್ತಾದರೂ ಇಡಬೇಡ.